ಸಾಂಕ್ರಾಮಿಕದ ಕಾಲಕ್ಕೆ ಸಮಾಜ ಕಾರ್ಯದ ವಿದ್ಯಾರ್ಥಿಗಳಿಗೆ ಏನು ಕಲಿಸಬೇಕು?

ಪಾಠ ಮಾಡುವವಳು:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದರೆ ಜನರ ನಡುವೆ ಹೇಗೆ ಕೆಲಸ ಮಾಡಬೇಕು ಅಂತ ಐದು ದಿನದ ತರಬೇತಿ ಮಾಡುವ ಜವಾಬ್ದಾರಿ ಈ ಸಲ ನನ್ನ ಮೇಲೆ ಬಿದ್ದಿದೆ. 30 ವಿದ್ಯಾರ್ಥಿಗಳಿದ್ದಾರೆ. ನನ್ನ ಕರಡು ಹೀಗಿದೆ. ಮೊದಲ ದಿನ ವೈರಸ್ ಬಗ್ಗೆ ವೈದ್ಯರ ಉಪನ್ಯಾಸ, ಎರಡನೇ ದಿನ ಮಾಸ್ಕು, ಗ್ಲೌಸು, ಸೋಂಕು ತಗಲದಂತೆ ಮೈಮುಚ್ಚುವ ಪಿಪಿಇ ಕಿಟ್ಟು, ಮೂರನೇ ದಿನ ಕಾನೂನು ಮತ್ತು ಯೋಜನೆಗಳು, ನಾಲ್ಕನೇ ದಿನ ಆಪ್ತಸಮಾಲೋಚನೆ, ಐದನೇ ದಿನ ಪರೀಕ್ಷೆ. ನೋಡಲು ಚೆನ್ನಾಗಿಯೇ ಇದೆ. ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಯಾಕೆ ಅಂತ ಹೇಳುತ್ತೇನೆ. 2020ರಲ್ಲಿ ಕೊರೊನಾ ಬಂದಾಗ ನಾನೇ ಸ್ವಯಂಸೇವಕಿಯಾಗಿ ಮನೆ ಮನೆಗೆ ಫೋನ್ ಮಾಡುವ ಕೆಲಸಕ್ಕೆ ಸೇರಿದ್ದೆ. ಕೈಗೆ ಒಂದು ಹೆಸರಿನ ಪಟ್ಟಿ, ಒಂದು ಪ್ರಶ್ನೆಗಳ ಹಾಳೆ ಕೊಟ್ಟರು. ತರಬೇತಿ ಅಂದರೆ ಅರ್ಧ ಗಂಟೆಯ ವಿಡಿಯೋ, ಅಷ್ಟೇ. ಎರಡನೇ ವಾರ ಇರಬೇಕು, ಒಬ್ಬರು ಫೋನ್ ಎತ್ತಿ "ನನ್ನ ಹೆಂಡತಿ ಬೆಳಿಗ್ಗೆ ತೀರಿಕೊಂಡಳು" ಅಂದರು. ನನಗೆ ಏನೂ ತೋಚಲಿಲ್ಲ. ಕಣ್ಣು ಹಾಳೆಯ ಮೇಲಿತ್ತು, ಬಾಯಿ ಮುಂದಿನ ಪ್ರಶ್ನೆ ಓದಿಬಿಟ್ಟಿತು. "ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಇದೆಯಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇಲ್ಲ ಮೇಡಂ" ಅಂತ ಹೇಳಿ ಫೋನ್ ಇಟ್ಟರು. ಆ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ. ಈಗ ನಾನು ಮಾಡಿರುವ ಕರಡಿನಲ್ಲಿ ಐದು ದಿನ ಕೂತು ಕಲಿತ ವಿದ್ಯಾರ್ಥಿ ಕೂಡ ಆ ಕ್ಷಣದಲ್ಲಿ ನಾನು ಮಾಡಿದ್ದನ್ನೇ ಮಾಡುತ್ತಾನೆ ಅಂತ ನನಗೆ ಅನಿಸುತ್ತಿದೆ. ಆಗ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಯಾವುದನ್ನು ತೆಗೆಯಲಿ, ಯಾವುದನ್ನು ಸೇರಿಸಲಿ?


ವಾರ್ಡಿನಲ್ಲಿ 14 ವರ್ಷ:

ಮೇಡಂ, ನಿಮ್ಮ ಅನುಮಾನ ಸರಿ. ನಾನು ಆಸ್ಪತ್ರೆಯಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್. ಆ ಎರಡು ವರ್ಷ ನನ್ನ ಕೆಲಸದ ಮುಕ್ಕಾಲು ಪಾಲು ಫೋನಿನಲ್ಲೇ ನಡೆಯಿತು. ಒಳಗೆ ರೋಗಿ, ಹೊರಗೆ ಮನೆಯವರು, ನಡುವೆ ನಾನು ಮತ್ತು ಒಂದು ಫೋನು. ಓದುವಾಗ ನಮಗೆ ಕಲಿಸಿದ್ದೆಲ್ಲ ಎದುರು ಕೂತು ಮಾತಾಡುವುದು. ಮುಖ ನೋಡು, ಕಣ್ಣು ನೋಡು, ಕೈ ಹೇಗಿಟ್ಟುಕೊಂಡಿದ್ದಾರೆ ನೋಡು ಅಂತ. ಫೋನಿನಲ್ಲಿ ಅದು ಯಾವುದೂ ಇಲ್ಲ.

ಹಾಗಾಗಿ ಮೊದಲ ಸಲಹೆ ಇದು. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂರಿಸಿ. ಒಬ್ಬರು ಕಷ್ಟ ಹೇಳಲಿ, ಇನ್ನೊಬ್ಬರು ಬರೀ ಕೇಳಲಿ. ಮುಖ ಕಾಣಬಾರದು. ಮೊದಲ ಸಲ ಎಲ್ಲರೂ ಮೌನ ತಡೆಯಲಾಗದೆ ಏನೋ ಒಂದು ಹೇಳಿಬಿಡುತ್ತಾರೆ. "ಧೈರ್ಯವಾಗಿರಿ", "ಎಲ್ಲಾ ಸರಿಹೋಗುತ್ತದೆ", ಅದೇ ಮಾತುಗಳು. ಮೂರು ನಾಲ್ಕು ಸಲ ಮಾಡಿದ ಮೇಲೆ ಮೌನದಲ್ಲಿ ಉಸಿರು ಕೇಳಿಸಲು ಶುರುವಾಗುತ್ತದೆ. ಅತ್ತರೆ ಗೊತ್ತಾಗುತ್ತದೆ, ಪಕ್ಕದಲ್ಲಿ ಯಾರೋ ಇದ್ದಾರೆ ಅಂತಲೂ ಗೊತ್ತಾಗುತ್ತದೆ. ಈ ಒಂದು ಅಭ್ಯಾಸಕ್ಕೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ.

ಎರಡನೆಯದು, ನಾಲ್ಕನೇ ದಿನದ ಹೆಸರು ಬದಲಾಯಿಸಿ. ಒಂದು ದಿನದಲ್ಲಿ ಆಪ್ತಸಮಾಲೋಚನೆ ಕಲಿಯಲು ಆಗುವುದಿಲ್ಲ, ಕಲಿತೆವು ಅಂದುಕೊಂಡರೆ ಅದು ಇನ್ನೂ ಅಪಾಯ. ಮಾನಸಿಕ ಪ್ರಥಮ ಚಿಕಿತ್ಸೆ ಕಲಿಸಿ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇನ್ನೆರಡು ಸಂಸ್ಥೆಗಳ ಜೊತೆ ಸೇರಿ 2011ರಲ್ಲಿ ತಂದ ಕೈಪಿಡಿ ಇದೆ. ಅದರ ತಿರುಳು ಮೂರೇ ಮಾತು, ನೋಡು, ಕೇಳು, ಜೋಡಿಸು. ಸುತ್ತ ಏನಾಗಿದೆ, ಯಾರಿಗೆ ತುರ್ತು ಇದೆ ಅಂತ ನೋಡು. ಅವರು ಹೇಳುವುದನ್ನು ಕೇಳು. ಬೇಕಾದ ಸಹಾಯದ ಜೊತೆ ಜೋಡಿಸು. ಇದನ್ನು ವೈದ್ಯರೇ ಮಾಡಬೇಕು ಅಂತ ಇಲ್ಲ, ತರಬೇತಿ ಪಡೆದ ಯಾರು ಬೇಕಾದರೂ ಮಾಡಬಹುದು. ಮುಖ್ಯವಾಗಿ, ಏನಾಯಿತು ಅಂತ ಕೆದಕಿ ಕೆದಕಿ ಕೇಳಬಾರದು. ಆಘಾತವಾದ ಕೂಡಲೇ ಜನರನ್ನು ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜೋರಾಗಿತ್ತು. ಅದರಿಂದ ಉಪಯೋಗವಿಲ್ಲ, ಮಾಡಬೇಡಿ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿ, ಯಾಕೆಂದರೆ ಜನರನ್ನು ಅಳಿಸಿದರೆ ಕೆಲಸ ಆಯಿತು ಅಂತ ತುಂಬಾ ಜನ ನಂಬಿದ್ದಾರೆ.

ಇನ್ನು ಸಾವಿನ ಸುದ್ದಿ. ಇದನ್ನು ತಿಳಿಸುವುದು ಹೇಗೆ ಅಂತ ಯಾರೂ ನಮಗೆ ಕಲಿಸಿರಲಿಲ್ಲ. ಮೊದಲು ಫೋನಿನಲ್ಲಿರುವುದು ಯಾರು ಅಂತ ಖಚಿತ ಮಾಡಿಕೊಳ್ಳಬೇಕು. ಗಾಡಿ ಓಡಿಸುತ್ತಿದ್ದಾರಾ, ಒಬ್ಬರೇ ಇದ್ದಾರಾ ಕೇಳಬೇಕು. "ಕಷ್ಟದ ವಿಷಯ ಹೇಳಬೇಕಾಗಿದೆ" ಅಂತ ಒಂದು ಮಾತು ಮುಂಚೆ ಹೇಳಬೇಕು. ಆಮೇಲೆ ನೇರವಾಗಿ "ತೀರಿಕೊಂಡರು" ಅನ್ನಬೇಕು. ನಾನು ಒಮ್ಮೆ ಮೆತ್ತಗೆ ಹೇಳಲು ಹೋಗಿ "ಅಪ್ಪ ಹೋದರು" ಅಂದೆ. ಆ ಹುಡುಗ "ಎಲ್ಲಿಗೆ? ಬೇರೆ ವಾರ್ಡಿಗಾ?" ಅಂತ ಕೇಳಿದ. ಅವನಿಗೆ ನಾನು ಎರಡು ಸಲ ಆ ಸುದ್ದಿ ಕೊಡಬೇಕಾಯಿತು. ಅಂದಿನಿಂದ "ಹೋದರು", "ಇನ್ನಿಲ್ಲ", "ಆಗಲಿಲ್ಲ" ಇವೆಲ್ಲ ಬಿಟ್ಟೆ. ಹೇಳಿದ ಮೇಲೆ ಸುಮ್ಮನಿರಬೇಕು. ಅವರು ಮಾತಾಡುವವರೆಗೆ.


ಓಣಿ ಓಣಿ ಸುತ್ತುವವನು:

ಮೇಲಿನವರು ಹೇಳಿದ್ದಕ್ಕೆ ನನ್ನ ಗೌರವವಿದೆ, ಆದರೆ ಒಂದು ತಕರಾರು ಇದೆ. ಹಸಿದವರ ಮನೆಗೆ ಕೇಳಿಸಿಕೊಳ್ಳುವ ಕಿವಿ ಮಾತ್ರ ತಗೊಂಡು ಹೋದರೆ ಏನು ಪ್ರಯೋಜನ? ನಾನು ಹನ್ನೆರಡು ವರ್ಷದಿಂದ ಸಮುದಾಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಲಾಕ್‌ಡೌನ್ ಸಮಯದಲ್ಲಿ ಜನ ಮೊದಲು ಕೇಳಿದ್ದು ಊಟ, ಬಾಡಿಗೆ, ಮಾತ್ರೆ. ಎಷ್ಟೋ ಜನರ ಆತಂಕ ಮಾತಿನಿಂದ ಇಳಿಯಲಿಲ್ಲ, ಒಂದು ತಿಂಗಳ ರೇಷನ್ ಬಂದ ಮೇಲೆ ಇಳಿಯಿತು.

ಇದು ನನ್ನ ಸ್ವಂತ ಮಾತಲ್ಲ. ತುರ್ತು ಪರಿಸ್ಥಿತಿಯಲ್ಲಿ ಮನೋಸಾಮಾಜಿಕ ನೆರವು ಹೇಗಿರಬೇಕು ಅಂತ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ಬೇರೆ ನೆರವಿನ ಸಂಸ್ಥೆಗಳು ಸೇರಿ 2007ರಲ್ಲಿ ಮಾರ್ಗಸೂಚಿ ತಂದವು. ಅದರಲ್ಲಿ ಒಂದು ಪಿರಮಿಡ್ ಇದೆ, ನಾಲ್ಕು ಹಂತ. ತಳದಲ್ಲಿ ಎಲ್ಲರಿಗೂ ಬೇಕಾದ ಊಟ, ವಸತಿ, ಆರೋಗ್ಯ, ಸುರಕ್ಷತೆ. ಅದರ ಮೇಲೆ ಕುಟುಂಬ ಮತ್ತು ಸಮುದಾಯದ ಬೆಂಬಲ. ಅದರ ಮೇಲೆ ತರಬೇತಿ ಪಡೆದ ಕಾರ್ಯಕರ್ತರ ನೆರವು, ಅಂದರೆ ನೀವು ಹೇಳುವ ಮಾನಸಿಕ ಪ್ರಥಮ ಚಿಕಿತ್ಸೆ ಇಲ್ಲಿ ಬರುತ್ತದೆ. ತುದಿಯಲ್ಲಿ ಮಾತ್ರ ಮನೋವೈದ್ಯರು. ಮೇಲೆ ಹೋದಷ್ಟೂ ಬೇಕಾದವರ ಸಂಖ್ಯೆ ಕಡಿಮೆ. ನಮ್ಮ ತರಬೇತಿಗಳು ಈ ಪಿರಮಿಡ್ಡನ್ನು ತಲೆಕೆಳಗು ಮಾಡುತ್ತವೆ. ತುದಿಗೆ ಜಾಸ್ತಿ ಸಮಯ, ತಳಕ್ಕೆ ಒಂದು ಸ್ಲೈಡು.

ಒಂದು ಇಡೀ ದಿನ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ ನಕ್ಷೆ ಮಾಡಿಸಿ. ಗೂಗಲ್ ಮ್ಯಾಪ್ ಅಲ್ಲ, ನಡೆದು ಮಾಡಿದ ನಕ್ಷೆ. ಒಬ್ಬರೇ ಇರುವ ವಯಸ್ಸಾದವರು ಯಾವ ಮನೆಯಲ್ಲಿದ್ದಾರೆ? ಡಯಾಲಿಸಿಸ್‌ಗೆ ಹೋಗುವವರು ಯಾರು? ಟಿಬಿ ಮಾತ್ರೆ, ಎಚ್ಐವಿ ಮಾತ್ರೆ ತಪ್ಪಿಸಬಾರದವರು ಯಾರು? ಕಿವಿ ಕೇಳಿಸದವರಿಗೆ, ಕಣ್ಣು ಕಾಣದವರಿಗೆ ಸುದ್ದಿ ಹೇಗೆ ತಲುಪುತ್ತದೆ? ಎದುರಿನವರ ಬಾಯಿ ನೋಡಿ ಮಾತು ತಿಳಿಯುವವರಿಗೆ ಎಲ್ಲರೂ ಮಾಸ್ಕ್ ಹಾಕಿದ ದಿನ ಏನಾಯಿತು ಅಂತ ಯೋಚಿಸಿದ್ದೀರಾ? ಕೊನೆಗೆ ಒಂದು ಪ್ರಶ್ನೆ ಕೇಳಿಸಿ, "ಈ ಪಟ್ಟಿಯಲ್ಲಿ ಇಲ್ಲದವರು ಯಾರು?" ನನ್ನ ಅನುಭವದಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದವರೇ ಹೆಚ್ಚು ಕಷ್ಟದಲ್ಲಿದ್ದರು. ಬಾಡಿಗೆ ಕರಾರು ಇಲ್ಲದವರು, ಕೆಲಸಕ್ಕೆ ಬಂದು ಸಿಕ್ಕಿಹಾಕಿಕೊಂಡವರು, ಗುರುತಿನ ಚೀಟಿ ಇಲ್ಲದವರು.

ಇನ್ನೊಂದು, ಸಹಾಯವಾಣಿ ನಂಬರುಗಳ ಪಟ್ಟಿ ಹಂಚುವ ಮುಂಚೆ ಪ್ರತಿ ನಂಬರಿಗೂ ವಿದ್ಯಾರ್ಥಿಗಳೇ ಫೋನ್ ಮಾಡಿ ನೋಡಲಿ. ನಮಗೆ ಕೊಟ್ಟ ಪಟ್ಟಿಯಲ್ಲಿ ಅರ್ಧ ನಂಬರು ಎತ್ತುವವರೇ ಇರಲಿಲ್ಲ. ನಾವು ಕೊಟ್ಟ ನಂಬರಿಗೆ ಒಬ್ಬ ತಾಯಿ ಇಡೀ ರಾತ್ರಿ ಫೋನ್ ಮಾಡಿದ್ದರು. ಜೋಡಿಸು ಅಂದರೆ ನಂಬರ್ ಕೊಡುವುದಲ್ಲ, ಆ ಕಡೆ ಯಾರಾದರೂ ಎತ್ತುತ್ತಾರೆ ಅಂತ ಖಾತ್ರಿ ಮಾಡಿಕೊಳ್ಳುವುದು.


ವಾರ್ಡಿನಲ್ಲಿ 14 ವರ್ಷ:

ಓಣಿಯವರೇ, ನೀವು ಹೇಳಿದ್ದು ನಿಜ, ಒಪ್ಪುತ್ತೇನೆ. ನಾನು ಆಸ್ಪತ್ರೆಯ ಒಳಗಿನಿಂದ ನೋಡಿದೆ, ನೀವು ಹೊರಗಿನಿಂದ. ಆದರೆ ಆ ತಾಯಿಗೆ ಊಟ ಬೇಕಾ, ಔಷಧಿ ಬೇಕಾ, ಜೊತೆ ಬೇಕಾ ಅಂತ ಗೊತ್ತಾಗುವುದು ಕೇಳಿಸಿಕೊಂಡರೆ ತಾನೇ. ರೇಷನ್ ಕಿಟ್ ಹಂಚಿ ಫೋಟೋ ತೆಗೆದು ಹೋದವರನ್ನೂ ನಾವು ನೋಡಿದ್ದೇವೆ ಅಲ್ವಾ.


ನಡುರಾತ್ರಿಯ ಕರೆ:

ಒಂದು ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಮಹಿಳಾ ಸಹಾಯವಾಣಿಯಲ್ಲಿ ಕೆಲಸ ಮಾಡಿದವಳು. "ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ" ಅಂತ ಎಲ್ಲರೂ ಹೇಳುತ್ತಿದ್ದಾಗ ನಮಗೆ ಬರುತ್ತಿದ್ದ ಕರೆಗಳಲ್ಲಿ ಮನೆಯೇ ಅಪಾಯದ ಜಾಗ. ಹೊಡೆಯುವವನು ಪಕ್ಕದ ಕೋಣೆಯಲ್ಲಿ. ಇಡೀ ಮನೆಗೆ ಒಂದೇ ಫೋನು, ಅದೂ ಅವನ ಹತ್ತಿರ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2020ರಲ್ಲಿ ಇದನ್ನು ನೆರಳಿನ ಸಾಂಕ್ರಾಮಿಕ ಅಂತ ಕರೆಯಿತು. ನನಗೆ ಆ ಹೆಸರು ಸರಿಯಾಗಿಯೇ ಕಂಡಿತು.

ಹಾಗಾಗಿ ವಿದ್ಯಾರ್ಥಿಗಳಿಗೆ ಹೌದು–ಇಲ್ಲ ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಸಿ. ಮೊದಲ ಪ್ರಶ್ನೆ ಯಾವಾಗಲೂ "ಈಗ ಮಾತಾಡಬಹುದಾ?" ಎರಡನೆಯದು "ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಇದ್ದರೆ ಆಕೆ ಹೌದು, ಇಲ್ಲ ಅಂತ ಮಾತ್ರ ಹೇಳುವ ಹಾಗೆ ಮಾತು ಕಟ್ಟಬೇಕು. ಫೋನ್ ದಿಢೀರ್ ಅಂತ ಕಟ್ ಆದರೆ ತಿರುಗಿ ಮಾಡಬೇಕಾ ಬೇಡವಾ ಅಂತ ಮೊದಲೇ ಆಕೆಯನ್ನೇ ಕೇಳಿಟ್ಟುಕೊಳ್ಳಬೇಕು. ನಾವಾಗಿ ತಿರುಗಿ ಮಾಡಿದ ಒಂದು ಕರೆ ಆಕೆಗೆ ಏಟು ತಂದಿದ್ದು ಗೊತ್ತಾದ ಮೇಲೆ ನಾವು ಈ ನಿಯಮ ಮಾಡಿಕೊಂಡೆವು.

ಬೇರೆ ಕಡೆಯಿಂದ ಕಲಿಯಲು ಎರಡು ಉದಾಹರಣೆ ಇವೆ. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ 2020ರ ಮಾರ್ಚ್‌ನಲ್ಲಿ ಒಂದು ಏರ್ಪಾಡು ಮಾಡಿದರು. ಔಷಧಿ ಅಂಗಡಿಗೆ ಹೋಗಿ "ಮಾಸ್ಕ್ 19" ಬೇಕು ಅಂದರೆ ಸಾಕು, ಅಂಗಡಿಯವರು ಸಹಾಯಕ್ಕೆ ಕರೆ ಮಾಡುತ್ತಿದ್ದರು. ಔಷಧಿ ಅಂಗಡಿ ಹೇಗೂ ತೆರೆದಿರುತ್ತದೆ, ಅಲ್ಲಿಗೆ ಹೋಗುವುದನ್ನು ಯಾರೂ ತಡೆಯುವುದಿಲ್ಲ ಅನ್ನುವ ಲೆಕ್ಕ. ಅದೇ ವರ್ಷ ಏಪ್ರಿಲ್‌ನಲ್ಲಿ ಕೆನಡಾದ ಮಹಿಳಾ ಪ್ರತಿಷ್ಠಾನ ಒಂದು ಕೈಸನ್ನೆ ತಂದಿತು. ಅಂಗೈ ಎದುರಿಗೆ ತೋರಿಸಿ, ಹೆಬ್ಬೆರಳು ಒಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚುವುದು. ವಿಡಿಯೋ ಕರೆಯಲ್ಲಿ ಸದ್ದಿಲ್ಲದೆ ಸಹಾಯ ಕೇಳಬಹುದು. ಬರೀ ಧ್ವನಿಯ ಕರೆಗೆ ಇದು ಆಗುವುದಿಲ್ಲ. ಸನ್ನೆ ಎಲ್ಲರಿಗೂ ಗೊತ್ತಾದರೆ ಹೊಡೆಯುವವನಿಗೂ ಗೊತ್ತಾಗುತ್ತದೆ. ನಿಮ್ಮ ವಿದ್ಯಾರ್ಥಿಗಳು ಇವನ್ನು ಹಾಗೇ ನಕಲು ಮಾಡುವುದು ಬೇಡ. ನಿರ್ಬಂಧ ಬಂದಾಗಲೂ ತೆರೆದಿರುವ ಬಾಗಿಲು ಯಾವುದು ಅಂತ ತಮ್ಮ ಕೆಲಸದ ಜಾಗದಲ್ಲಿ ಹುಡುಕಲಿ.


ಎರಡನೇ ವರ್ಷದ ವಿದ್ಯಾರ್ಥಿ:

ನಾನು ಕಲಿಯುವ ಕಡೆಯವನು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಮೇಡಂ, ಪಿಪಿಇ ದಿನವನ್ನು ಪೂರ್ತಿ ತೆಗೆಯಬೇಡಿ. ನಮಗೆ ಭಯ ಇರುತ್ತದೆ. ಭಯ ಇರುವವನು ಚೆನ್ನಾಗಿ ಕೇಳಿಸಿಕೊಳ್ಳಲಾರ. ಹಾಕಿಕೊಳ್ಳುವುದಕ್ಕಿಂತ ಬಿಚ್ಚುವಾಗಲೇ ಸೋಂಕು ತಗಲುವ ಅಪಾಯ ಜಾಸ್ತಿ ಅಂತ ನಮಗೆ ಹೇಳಿದ್ದರು, ಆದರೆ ಒಬ್ಬರೂ ಬಿಚ್ಚಿ ತೋರಿಸಲಿಲ್ಲ. ನಮ್ಮ ಕೈಯಲ್ಲೇ ಹತ್ತು ಸಲ ಮಾಡಿಸಿ. ಅರ್ಧ ದಿನ ಸಾಕು. ಮತ್ತೆ ಒಂದು ಮನವಿ. ಮನೆಯಲ್ಲಿ ಕಾಯಿಲೆಯವರು ಇರುವ ವಿದ್ಯಾರ್ಥಿ "ನಾನು ಫೀಲ್ಡಿಗೆ ಹೋಗಲಾರೆ" ಅಂದರೆ ಅಂಕ ಕಡಿತ ಆಗಬಾರದು ಅಂತ ಮೊದಲೇ ಬರೆದು ಕೊಡಿ. ಫೋನ್ ಕೆಲಸ, ನಕ್ಷೆಯ ಕೆಲಸ ಅವರಿಗೆ ಕೊಡಬಹುದು.


ನಂಬಿಕೆ ಕಟ್ಟುವವನು:

ನಾನು ಆರೋಗ್ಯ ಸಂವಹನದ ಕಡೆ ಕೆಲಸ ಮಾಡುತ್ತೇನೆ. ನಿಮ್ಮ ಕರಡಿನಲ್ಲಿ ನಂಬಿಕೆ ಅನ್ನುವ ಪದವೇ ಇಲ್ಲ. ಅದು ಇಲ್ಲದೆ ಉಳಿದದ್ದು ಯಾವುದೂ ನಡೆಯುವುದಿಲ್ಲ.

ಪಶ್ಚಿಮ ಆಫ್ರಿಕಾದಲ್ಲಿ 2014ರಿಂದ 2016ರವರೆಗೆ ಎಬೋಲಾ ಅನ್ನುವ ಮಾರಕ ವೈರಸ್ ಕಾಯಿಲೆ ಬಂತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರು ದೇಶ ಸೇರಿ 11,000ಕ್ಕೂ ಹೆಚ್ಚು ಜನ ತೀರಿಕೊಂಡರು. ಎಬೋಲಾ ಸತ್ತವರ ದೇಹದಿಂದಲೂ ಹರಡುತ್ತದೆ. ಅಲ್ಲಿ ಸತ್ತವರನ್ನು ಮನೆಯವರೇ ತೊಳೆದು, ಮುಟ್ಟಿ ಕಳಿಸಿಕೊಡುವುದು ರೂಢಿ. ಮೊದಮೊದಲು ಬಂದ ತಂಡಗಳು ಮೈತುಂಬ ಸೂಟು ಹಾಕಿಕೊಂಡು ಬಂದು, ಶವ ಚೀಲಕ್ಕೆ ಹಾಕಿ ತಗೊಂಡು ಹೋದವು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಂತೂ ಶವ ಸುಡಲೇಬೇಕು ಅಂತ ಆದೇಶ ಬಂತು, ಹೂಳುವ ರೂಢಿಯ ಜನಕ್ಕೆ. ಏನಾಯಿತು? ಜನ ಕಾಯಿಲೆಯವರನ್ನು ಬಚ್ಚಿಟ್ಟರು, ಸಾವನ್ನೂ ಬಚ್ಚಿಟ್ಟರು. ರೋಗ ಇನ್ನೂ ಹರಡಿತು. 2014ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶವ ಹೂಳುವುದಕ್ಕೆ ಹೊಸ ಕ್ರಮ ಹೊರಡಿಸಿತು. ಸುರಕ್ಷಿತವಾಗಿರಲಿ, ಗೌರವದಿಂದಲೂ ಇರಲಿ ಅಂತ. ಕಿಟ್ ಹಾಕಿಕೊಳ್ಳುವ ಮುಂಚೆ ತಂಡದವರು ಮನೆಯವರ ಜೊತೆ ಮಾತಾಡಬೇಕು, ಅವರ ಒಪ್ಪಿಗೆ ಪಡೆಯಬೇಕು, ಪ್ರಾರ್ಥನೆಗೆ ಅವಕಾಶ ಕೊಡಬೇಕು, ಧರ್ಮದ ಹಿರಿಯರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ವೈರಸ್ಸು ಅದೇ. ಬದಲಾದದ್ದು ಬಾಗಿಲಲ್ಲಿ ನಿಂತು ಕೇಳುವ ರೀತಿ. ನೀವು ಒಂದೇ ಒಂದು ಕಥೆ ಹೇಳುವುದಾದರೆ ಇದನ್ನು ಹೇಳಿ.

ವದಂತಿಯ ವಿಷಯವೂ ಹಾಗೆಯೇ. ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗಲ್ಲ ಅಂದ ಹುಡುಗಿಗೆ ನಕ್ಕು ಬೈದರೆ ಅವಳು ಮುಂದೆ ನಮ್ಮ ಹತ್ತಿರ ಮಾತೇ ಆಡುವುದಿಲ್ಲ. "ಯಾರು ಹೇಳಿದರು?", "ನಿಮಗೆ ಯಾವುದರ ಹೆದರಿಕೆ ಜಾಸ್ತಿ?" ಅಂತ ಕೇಳಿದರೆ ಒಳಗಿನ ಚಿಂತೆ ಹೊರಗೆ ಬರುತ್ತದೆ. ಮತ್ತೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದನ್ನು ಅಭ್ಯಾಸ ಮಾಡಿಸಿ. 2020ರ ಶುರುವಿನಲ್ಲಿ ಬಾಗಿಲ ಹಿಡಿ, ಮೇಜು, ಚೀಲ ಒರೆಸುವುದೇ ದೊಡ್ಡ ವಿಷಯವಾಗಿತ್ತು. ಆಮೇಲೆ ಮುಚ್ಚಿದ ಕೋಣೆಯ ಗಾಳಿ ಇನ್ನೂ ಮುಖ್ಯ ಅಂತ ತಿಳಿಯಿತು. ನೆನ್ನೆ ಒಂದು ಹೇಳಿದಿರಿ, ಇವತ್ತು ಇನ್ನೊಂದು ಹೇಳುತ್ತೀರಿ ಅಂತ ಜನ ಕೇಳಿದಾಗ ನಮ್ಮವರು ತಡವರಿಸಿದರು. "ಇವತ್ತು ಗೊತ್ತಿರುವುದು ಇಷ್ಟು, ಬದಲಾದರೆ ನಾನೇ ಬಂದು ಹೇಳುತ್ತೇನೆ" ಅಂತ ಮೊದಲ ದಿನವೇ ಹೇಳಿದ್ದರೆ ಆ ಗೊಂದಲ ಇರುತ್ತಿರಲಿಲ್ಲ.

ಪದಗಳ ಬಗ್ಗೆಯೂ ಒಂದು ಗಂಟೆ ಇಡಿ. ನಮ್ಮಲ್ಲಿ "ಸಾಮಾಜಿಕ ಅಂತರ" ಅಂತ ಎಲ್ಲ ಕಡೆ ಬರೆದರು. ಆ ಪದ ಕೇಳಿ ಎಷ್ಟು ಜನಕ್ಕೆ ಅಸ್ಪೃಶ್ಯತೆಯ ಹಳೆಯ ಗಾಯ ನೆನಪಾಯಿತೋ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ "ದೈಹಿಕ ಅಂತರ" ಅನ್ನಲು ಶುರು ಮಾಡಿತ್ತು. ಬೇಕಾಗಿದ್ದದ್ದು ಮೈಗಳ ನಡುವಿನ ದೂರ, ಮನುಷ್ಯರ ನಡುವಿನದಲ್ಲ. ರೋಗಕ್ಕೆ ಊರಿನ, ಜನರ ಹೆಸರು ಇಡಬಾರದು ಅಂತ 2015ರಲ್ಲೇ ಅದೇ ಸಂಸ್ಥೆಯ ಸೂಚನೆ ಇತ್ತು. ಆದರೂ ಕೊರೊನಾ ವೈರಸ್ಸಿನ ಬದಲಾದ ರೂಪಗಳನ್ನು, ಅಂದರೆ ರೂಪಾಂತರಿಗಳನ್ನು, ದೇಶದ ಹೆಸರಿನಿಂದ ಕರೆದರು, ಕೊನೆಗೆ 2021ರ ಮೇ ತಿಂಗಳಲ್ಲಿ ಆಲ್ಫಾ, ಬೀಟಾ, ಡೆಲ್ಟಾ ಅಂತ ಗ್ರೀಕ್ ಅಕ್ಷರ ಬಂದವು. ಇಲ್ಲಿ ಸೋಂಕಿದೆ ಅಂತ ಬಾಗಿಲಿಗೆ ಅಂಟಿಸಿದ ಒಂದು ನೋಟಿಸಿನಿಂದ ಇಡೀ ಮನೆಯವರ ಜೊತೆ ಬೀದಿಯೇ ಮಾತು ಬಿಟ್ಟಿದ್ದನ್ನು ನಾನು ನೋಡಿದ್ದೇನೆ.


ನಡುರಾತ್ರಿಯ ಕರೆ:

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಕೆಲಸ ಮಾಡುವವರನ್ನು ಯಾರು ನೋಡಿಕೊಳ್ಳುತ್ತಾರೆ? ನಮಗೆ ಧ್ಯಾನ ಮಾಡಿ, ನೀರು ಕುಡಿಯಿರಿ ಅಂತ ಒಂದು ಪೋಸ್ಟರ್ ಕಳಿಸಿದ್ದರು. ನಮಗೆ ಬೇಕಾಗಿದ್ದದ್ದು ದಿನಕ್ಕೆ ಇಷ್ಟೇ ಕರೆ ಅನ್ನುವ ಮಿತಿ, ಮತ್ತೆ ದಿನದ ಕೊನೆಗೆ ಹದಿನೈದು ನಿಮಿಷ ಕೇಳುವ ಒಬ್ಬ ಸೂಪರ್‌ವೈಸರ್. ಕೊನೆಗೆ ನಾವೇ ಇಬ್ಬಿಬ್ಬರ ಜೋಡಿ ಮಾಡಿಕೊಂಡೆವು. ರಾತ್ರಿ ಕೆಲಸ ಮುಗಿದ ಮೇಲೆ ಒಬ್ಬರಿಗೊಬ್ಬರು ಫೋನ್ ಮಾಡಿ ಆ ದಿನದ ಅತಿ ಭಾರದ ಕರೆ ಯಾವುದು ಅಂತ ಹೇಳಿಕೊಳ್ಳುತ್ತಿದ್ದೆವು. ಅಷ್ಟರಿಂದಲೇ ನಾನು ಆ ಕೆಲಸದಲ್ಲಿ ಉಳಿದೆ. ತರಬೇತಿಯ ಮೊದಲ ದಿನವೇ ಜೋಡಿ ಮಾಡಿ, ಐದೂ ದಿನ ಸಂಜೆ ಇದನ್ನು ಮಾಡಿಸಿ.


ಪಾಠ ಮಾಡುವವಳು:

ನೀವೆಲ್ಲರೂ ಇಷ್ಟು ಸಮಯ ಕೊಟ್ಟು ಬರೆದಿದ್ದೀರಿ, ಎರಡು ಸಲ ಓದಿದೆ. ಕರಡು ಹರಿದು ಮತ್ತೆ ಬರೆದೆ. ವೈರಸ್ಸು ಮತ್ತು ಕಿಟ್ಟು ಸೇರಿ ಒಂದೇ ದಿನ, ಅದರಲ್ಲಿ ಅರ್ಧ ಬಿಚ್ಚುವ ಅಭ್ಯಾಸಕ್ಕೆ. ಒಂದು ದಿನ ಪೂರ್ತಿ ನಕ್ಷೆ, ಯೋಜನೆಗಳನ್ನು ಅದರ ಒಳಗೇ ಸೇರಿಸಿದ್ದೇನೆ, ನಂಬರುಗಳಿಗೂ ಅವರೇ ಫೋನ್ ಮಾಡುತ್ತಾರೆ. ಒಂದೂವರೆ ದಿನ ಬೆನ್ನಿಗೆ ಬೆನ್ನು ಕೂತು ಕೇಳುವುದು, ಸಾವಿನ ಸುದ್ದಿ, ಹೌದು–ಇಲ್ಲ ಪ್ರಶ್ನೆ. ಒಂದು ದಿನ ನಂಬಿಕೆ, ವದಂತಿ, ಪದಗಳು. ಸಂಜೆ ಜೋಡಿ. ಫೀಲ್ಡಿಗೆ ಹೋಗಲಾರದವರ ವಿಷಯವನ್ನು ವಿಭಾಗದ ಸಭೆಯಲ್ಲಿ ಇಟ್ಟು ಬರವಣಿಗೆಯಲ್ಲೇ ಕೊಡಿಸುತ್ತೇನೆ. ಉಳಿದ ಅರ್ಧ ದಿನ ಪರೀಕ್ಷೆಗೆ ಅಂತ ಇದೆ. ಅಂಕ ಕೊಡಲೇಬೇಕು, ಅದನ್ನು ಬಿಡುವ ಹಾಗಿಲ್ಲ. ಏನು ಪರೀಕ್ಷೆ ಮಾಡಲಿ?


ವಾರ್ಡಿನಲ್ಲಿ 14 ವರ್ಷ:

ಬರೆಯುವ ಪರೀಕ್ಷೆ ಬೇಡ. ನಿಮ್ಮ ಆ ಕರೆಯನ್ನೇ ಪರೀಕ್ಷೆ ಮಾಡಿ. ವಿದ್ಯಾರ್ಥಿಯ ಕೈಗೆ ಪ್ರಶ್ನೆಗಳ ಹಾಳೆ ಕೊಡಿ, ಬೇರೆ ಕೋಣೆಯಿಂದ ನಮ್ಮಂಥ ಯಾರಾದರೂ ಫೋನ್ ಎತ್ತುತ್ತೇವೆ. ಮೂರನೇ ಪ್ರಶ್ನೆಗೆ "ಅವಳು ಬೆಳಿಗ್ಗೆ ತೀರಿಕೊಂಡಳು" ಅಂತ ಹೇಳುತ್ತೇವೆ. ಹಾಳೆ ಕೆಳಗಿಟ್ಟನಾ ಇಲ್ವಾ ಅಂತ ಮೊದಲು ನೋಡಿ. ಅವಳ ಹೆಸರು ಕೇಳಿದನಾ, ಜೊತೆಗೆ ಯಾರಿದ್ದಾರೆ ಅಂತ ಕೇಳಿದನಾ, ಅಂತ್ಯಕ್ರಿಯೆಗೆ ಏನಾದರೂ ಸಹಾಯ ಬೇಕಾ ಅಂತ ಕೇಳಿದನಾ, ನಾಳೆ ಮತ್ತೆ ಫೋನ್ ಮಾಡಲಾ ಅಂದನಾ. ಜ್ವರದ ಪ್ರಶ್ನೆಯನ್ನೂ ಕೇಳಬೇಕು, ಮನೆಯಲ್ಲಿ ಉಳಿದವರ ಸಲುವಾಗಿ. ಆದರೆ ಆಮೇಲೆ, ಅವರ ಒಪ್ಪಿಗೆ ಕೇಳಿ. 30 ಜನಕ್ಕೆ ತಲಾ ಆರು ನಿಮಿಷ ಅಂದರೆ ಮೂರು ಗಂಟೆ. ನಾನು ಬರುತ್ತೇನೆ.


ಓಣಿ ಓಣಿ ಸುತ್ತುವವನು:

ನಾನೂ ಬರುತ್ತೇನೆ. ಒಬ್ಬರೇ ಮೂವತ್ತು ಸಲ ಆ ಮಾತು ಹೇಳುವುದು ಬೇಡ, ಹಂಚಿಕೊಳ್ಳೋಣ.


ಪಾಠ ಮಾಡುವವಳು:

ಇಬ್ಬರಿಗೂ ಇವತ್ತೇ ಮೆಸೇಜ್ ಮಾಡುತ್ತೇನೆ. ಮೊದಲ ಕರೆ ನಾನೇ ಮಾಡುತ್ತೇನೆ, ವಿದ್ಯಾರ್ಥಿಗಳ ಎದುರಿಗೆ. ಈ ಸಲ ಅವರ ಹೆಂಡತಿಯ ಹೆಸರು ಕೇಳುತ್ತೇನೆ.